ಕಬ್ಬಿನ ಹಂಗಾಮಿನಲ್ಲಿ ಹುಡುಗಿಯರನ್ನು ಶಾಲೆಯಲ್ಲೇ ಉಳಿಸಿಕೊಳ್ಳುವುದು ಹೇಗೆ

ದಸರೆ ಮುಗಿದ ಮೇಲೆ, ಕಬ್ಬು ಕಡಿಯಲು ಹೊರಟವರ ಮನೆಮನೆಗೆ ಹೋಗಿ "ಹುಡುಗೀನ ಬಿಟ್ಟು ಹೋಗ್ರಿ" ಎಂದು ಕೈಮುಗಿದರೆ ಉಪಯೋಗವಿಲ್ಲ. ಅಷ್ಟೊತ್ತಿಗೆ ಟ್ರ್ಯಾಕ್ಟರ್ ನಿಗದಿಯಾಗಿರುತ್ತದೆ, ಭಾಂಡೆ-ಬಟ್ಟೆ ಗಂಟು ಕಟ್ಟಿರುತ್ತಾರೆ, ಕಡಿಯುವವರನ್ನು ಕರೆದೊಯ್ಯುವ ಗುತ್ತಿಗೆದಾರ, ಅಂದರೆ ಮುಕಾದಮ, ಕೊಟ್ಟ ದುಡ್ಡು ಬಿತ್ತನೆಗೋ ಆಸ್ಪತ್ರೆಗೋ ಮದುವೆಯ ಸಾಲಕ್ಕೋ ಖರ್ಚಾಗಿ ಹೋಗಿರುತ್ತದೆ. ಹುಡುಗಿ ಯಾರ ಜೊತೆ ಇರಬೇಕು ಎಂಬುದು ನಿಶ್ಚಯವಾಗುವುದು ಮಳೆಗಾಲದಲ್ಲಿ, ಉಚಲ, ಅಂದರೆ ಮುಂಗಡ ಹಣ, ಕೈಗೆ ಬಂದ ವಾರದಲ್ಲಿ. ನಮ್ಮ ಕೆಲಸವೂ ಕಾರಹುಣ್ಣಿಮೆಗೇ ಶುರುವಾಗಬೇಕು.

ನಾನು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದಲ್ಲಿ, ಜಿಲ್ಲಾ ಪರಿಷತ್ತಿನ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ಉಮದಿ, ಸಂಖ, ಮಾಡಗ್ಯಾಳದ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಹೊಲಕ್ಕೆ ನೀರಿಲ್ಲದ ಊರುಗಳಿಂದ ಜನ ಪ್ರತಿವರ್ಷ ಕಬ್ಬು ಕಡಿಯಲು ಹೋಗುತ್ತಾರೆ. 2022ರ ಕೊನೆಯಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿಯ ಮಾತು ಎದ್ದು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ನಮ್ಮ ತಾಲೂಕಿನ ಹೆಸರು ಬಂತಲ್ಲ, ಆಗಲೂ ಜನ ಕೇಳಿದ್ದು ನೀರನ್ನೇ. ಮ್ಹೈಸಾಳ ನೀರಾವರಿ ಯೋಜನೆಯ ನೀರು ಮುಟ್ಟಿದ ಹೊಲದವನು ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಹಿಡಿದು ಪರವೂರಿಗೆ ಹೋಗಬೇಕಾಗಿಲ್ಲ. ನೀರು ತರುವುದು ಶಿಕ್ಷಕರ ಕೈಲಿಲ್ಲ. ಆದರೆ ನೀರು ಬರುವವರೆಗೆ ಹುಡುಗಿಯ ಓದು ಕಾಯುತ್ತ ಕೂರಬೇಕಾಗಿಲ್ಲ. ಈ ಭಾಗದ ಶಾಲೆಗಳಿಗೆ ಹೊಸದಾಗಿ ಬರುವ ಶಿಕ್ಷಕರಿಗೆ, ಶಾಲಾ ವ್ಯವಸ್ಥಾಪನ ಸಮಿತಿಯ ತಾಯಂದಿರಿಗೆ, ಓದಿದ ಅಕ್ಕಂದಿರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೂಸನ್ನು ನೋಡಿ

ಹುಡುಗಿಯನ್ನು ಶಾಲೆಯಿಂದ ಒಯ್ಯುವುದು ಕಬ್ಬಲ್ಲ, ಅವ್ವನ ಕಂಕುಳಲ್ಲಿರುವ ಕೂಸು. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ, ಉಳಿದ ಉಪಾಯಗಳೆಲ್ಲ ಇದರ ಬೆನ್ನಿಗೆ ಬರುವಂಥವು.

ಲೆಕ್ಕ ಹೀಗಿದೆ. ಗಂಡ-ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ. ಮುಂಗಡ ಕೊಡುವುದು ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಅಲ್ಲ, ಜೋಡಿಗೆ. ಕೊಯ್ತಾಕ್ಕೆ ಐವತ್ತು ಸಾವಿರದಿಂದ ಲಕ್ಷ, ಕೆಲವೊಮ್ಮೆ ಅದಕ್ಕೂ ಮೇಲೆ ಎತ್ತುತ್ತಾರೆ. ಕಡಿದ ಟನ್ನುಗಳಲ್ಲಿ ಅದನ್ನು ತೀರಿಸಬೇಕು. ಇಬ್ಬರಲ್ಲಿ ಒಬ್ಬರು ಒಂದು ದಿನ ಕೆಲಸಕ್ಕೆ ಇಳಿಯದಿದ್ದರೆ ಖಾಡಾ, ಅಂದರೆ ದಂಡ. ಹಂಗಾಮು ಮುಗಿದರೂ ಮುಂಗಡ ತೀರದಿದ್ದರೆ ಬಾಕಿ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಹೀಗಿರುವಾಗ ತಾಯಿ ಕೂಸಿಗೆ ಜ್ವರ ಬಂದರೂ ಅದರ ಹತ್ತಿರ ಕೂಡಲಾರಳು. ಎರಡು ವರ್ಷದ ಮಗುವನ್ನು ಎತ್ತಿಕೊಳ್ಳುವವರು ಬೇಕೇ ಬೇಕು. ಆ ಕೆಲಸಕ್ಕೆ ಎಂಟು ವರ್ಷದ ಮಗಳಿದ್ದರೆ ಸಾಕಾಗುತ್ತದೆ. ಹತ್ತು ವರ್ಷದ ಮಗನನ್ನು ಅಜ್ಜಿಯ ಹತ್ತಿರ ಬಿಟ್ಟು ಎಂಟು ವರ್ಷದ ಮಗಳನ್ನು ಕರೆದೊಯ್ಯುವ ಮನೆಗಳನ್ನು ನೀವು ಎಷ್ಟಾದರೂ ನೋಡುತ್ತೀರಿ. ಮಗನ ಮೇಲೆ ಪ್ರೀತಿ ಹೆಚ್ಚು ಎಂಬುದೊಂದೇ ಇದರ ಕಾರಣವಲ್ಲ. ಕೂಸು ಹೊರುವ ಕೆಲಸ ಹುಡುಗಿಯದು ಎಂದು ಮನೆ ಮೊದಲೇ ತೀರ್ಮಾನ ಮಾಡಿಕೊಂಡಿರುತ್ತದೆ.

ಅಲ್ಲಿ ಅವಳ ದಿನ ಹೇಗಿರುತ್ತದೆ ಎಂಬುದನ್ನು ಮರಳಿ ಬಂದ ಹುಡುಗಿಯರು ಬಿಡಿಸಿ ಬಿಡಿಸಿ ಹೇಳಿದ್ದಾರೆ. ಬೆಳಗಿನ ನಾಲ್ಕಕ್ಕೆ ಅವ್ವನ ಜೊತೆಗೇ ಏಳುತ್ತಾಳೆ. ಒಲೆಗೆ ಕಟ್ಟಿಗೆ, ಕೊಡದಲ್ಲಿ ನೀರು, ರೊಟ್ಟಿಯ ಬುತ್ತಿ. ಬೆಳಕು ಹರಿಯುವ ಮುಂಚೆ ಹೊಲ. ಗಿಡದ ಕೊಂಬೆಗೋ ಟ್ರಾಲಿಯ ಅಡಿಗೋ ಸೀರೆಯ ಜೋಳಿಗೆ ಕಟ್ಟಿ ತಮ್ಮನನ್ನು ಮಲಗಿಸುತ್ತಾಳೆ. ಅವನು ಮಲಗಿದಾಗ ಬಿದ್ದ ಕಬ್ಬಿನ ತುದಿಯ ವಾಡೆ ಆರಿಸಿ ಕಟ್ಟುತ್ತಾಳೆ. ಆ ವಾಡೆಯನ್ನು ದನಕ್ಕೆ ಮೇವಾಗಿ ಮಾರಿದರೆ ಕೈಗೆ ರೊಕ್ಕ ಬರುತ್ತದೆ, ಉಪ್ಪು-ಎಣ್ಣೆಗೆ ಆಗುವುದು ಅದೇ. ರಾತ್ರಿ ಎರಡಕ್ಕೆ ಗಾಡಿ ಬಂದರೆ ಅಪ್ಪ-ಅವ್ವ ಮೋಳಿ (ಕಬ್ಬಿನ ಕಟ್ಟು) ಹೊತ್ತು ತುಂಬಲು ಹೋಗುತ್ತಾರೆ, ಕೋಪಿಯೊಳಗೆ, ಅಂದರೆ ಗುಡಿಸಲೊಳಗೆ, ಕೂಸಿನ ಜೊತೆ ಇವಳೊಬ್ಬಳೇ. ಇದನ್ನು ಯಾರೂ ದುಡಿಮೆ ಎನ್ನುವುದಿಲ್ಲ. ಮುಕಾದಮನ ಪುಸ್ತಕದಲ್ಲಿ ಅವಳ ಹೆಸರೇ ಇರುವುದಿಲ್ಲ. "ಆಕಿ ಏನ್ ಕೆಲ್ಸಾ ಮಾಡ್ತಾಳ್ರೀ, ಸುಮ್ಕ ಕುಂದಿರ್ತಾಳ" ಎಂದು ಅಪ್ಪ ಹೇಳಿದರೆ ಆತ ಸುಳ್ಳಾಡುತ್ತಿಲ್ಲ. ಆತ ನಿಜಕ್ಕೂ ಹಾಗೆಯೇ ತಿಳಿದಿದ್ದಾನೆ.

ಜೂನಿನ ಪಟ್ಟಿ

ಶಾಲೆ ತೆರೆದ ಮೊದಲ ಹದಿನೈದು ದಿನದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಕಬ್ಬಿಗೆ ಹೋಗುವ ಮನೆಗಳ ಪಟ್ಟಿ ಮಾಡಿ. ಮಕ್ಕಳೇ ಹೇಳುತ್ತಾರೆ, ಯಾರದೂ ಗುಟ್ಟಲ್ಲ. ಪ್ರತಿ ಹೆಸರಿನ ಮುಂದೆ ಯಾವ ಟೋಳಿ (ಕಡಿಯುವವರ ಗುಂಪು), ಮುಕಾದಮ ಯಾರು, ಯಾವ ಕಾರ್ಖಾನೆಯ ಸೀಮೆ, ಮನೆಯಲ್ಲಿ ಮೂರು ವರ್ಷದ ಒಳಗಿನ ಮಗು ಇದೆಯೇ, ಊರಲ್ಲಿ ಉಳಿಯುವ ಹಿರಿಯರು ಯಾರು, ಅವರಿಗೆ ಕಣ್ಣು-ಕಾಲು ಗಟ್ಟಿಯೇ, ರೇಷನ್ ಕಾರ್ಡಿನಲ್ಲಿ ಅವರ ಹೆಸರಿದೆಯೇ ಎಂದೆಲ್ಲ ಬರೆದುಕೊಳ್ಳಿ. ಮೂರು ವರ್ಷದ ಒಳಗಿನ ಮಗು ಇರುವ ಮನೆಯ ಹುಡುಗಿಯ ಹೆಸರಿಗೆ ಕೆಂಪು ಗೆರೆ ಹಾಕಿ. ನಿಮ್ಮ ಸಮಯದ ಮುಕ್ಕಾಲು ಪಾಲು ಆ ಹೆಸರುಗಳಿಗೆ ಮೀಸಲಾಗಲಿ.

ಮನೆಗೆ ಹೋದಾಗ ಓದಿನ ಮಹತ್ವ ಹೇಳಲು ಹೋಗಬೇಡಿ. ಅವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಹೆಬ್ಬೆಟ್ಟು ಒತ್ತಿ ಮುಂಗಡ ಎತ್ತಿದವರು ಅವರು. ಒಂದೇ ಪ್ರಶ್ನೆ ಕೇಳಿ: "ಯವ್ವಾ, ಅಲ್ಲಿ ಸಣ್ಣ ಕೂಸಿನ್ನ ಯಾರು ನೋಡ್ಕೋತಾರ?" ತಾಯಿ ಮಗಳ ಕಡೆ ನೋಡುತ್ತಾಳೆ. ಮಾತು ಅಲ್ಲಿಂದ ಶುರುವಾಗಲಿ. ತಂದೆ, ಅಜ್ಜಿ ಇಬ್ಬರೂ ಇರುವ ಹೊತ್ತು ನೋಡಿ ಹೋಗುವುದು ಒಳ್ಳೆಯದು. ನಮ್ಮ ಕಡೆ ಸಂಜೆ ದೀಪ ಹಚ್ಚಿದ ಮೇಲೆ ಹೋದರೆ ಎಲ್ಲರೂ ಸಿಗುತ್ತಾರೆ.

ಕೂಸಿಗೊಂದು ದಾರಿ

ಮಗು ಎದೆಹಾಲು ಬಿಟ್ಟಿದ್ದರೆ, ಅಜ್ಜಿ ಗಟ್ಟಿಯಾಗಿದ್ದರೆ, ಕೂಸನ್ನೂ ಹುಡುಗಿಯನ್ನೂ ಊರಲ್ಲೇ ಬಿಡುವಂತೆ ಒಪ್ಪಿಸಬಹುದು. ಆದರೆ ಇದರಲ್ಲಿ ಒಂದು ಮೋಸವಿದೆ. ಅಜ್ಜಿ ಕೂಲಿಗೆ ಹೋದ ದಿನ ಕೂಸು ಮತ್ತೆ ಹುಡುಗಿಯ ಕಂಕುಳಿಗೇ ಬರುತ್ತದೆ, ಅವಳು ಊರಲ್ಲಿದ್ದೂ ಶಾಲೆಯಲ್ಲಿರುವುದಿಲ್ಲ. ಆದ್ದರಿಂದ ಅಂಗನವಾಡಿ ಸೇವಿಕೆಯನ್ನು ಮೊದಲೇ ಜೊತೆಗೆ ತೆಗೆದುಕೊಳ್ಳಿ. ಮೂರು ದಾಟಿದ ಮಗು ಅಂಗನವಾಡಿಯಲ್ಲಿ ಕೂರಬಹುದು, ಅಲ್ಲೇ ಬಿಸಿಯೂಟ ಸಿಗುತ್ತದೆ. ಅದಕ್ಕಿಂತ ಸಣ್ಣದಕ್ಕೆ ಮನೆಗೆ ಒಯ್ಯುವ ಆಹಾರ ಕೊಡುತ್ತಾರೆ. ಅಂಗನವಾಡಿ ಬಿಡುವ ಹೊತ್ತಿಗೂ ಶಾಲೆ ಬಿಡುವ ಹೊತ್ತಿಗೂ ನಡುವೆ ಕೆಲವು ಗಂಟೆಗಳ ಅಂತರವಿದೆ. ಆ ಹೊತ್ತಿನಲ್ಲಿ ತಮ್ಮ-ತಂಗಿಯನ್ನು ತರಗತಿಗೆ ಕರೆತರಲು ನಾನು ಹುಡುಗಿಯರಿಗೆ ಬಿಟ್ಟಿದ್ದೇನೆ. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿದರೆ ಮಲಗುತ್ತವೆ. ಇದು ಶಿಸ್ತಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅಕ್ಕ ತರಗತಿಯಲ್ಲಿ ಕೂತಿದ್ದಾಳಲ್ಲ, ನನಗೆ ಅಷ್ಟು ಸಾಕು.

ಮಗು ಇನ್ನೂ ಹಾಲು ಕುಡಿಯುತ್ತಿದ್ದರೆ ತಾಯಿಯಿಂದ ಅಗಲಿಸುವ ಮಾತೇ ಬೇಡ. ಆಗ ಅದಲುಬದಲು ಮಾಡಬೇಕು: ಅಜ್ಜಿ ಟೋಳಿಯ ಜೊತೆ ಹೋಗಲಿ, ಹುಡುಗಿ ಊರಲ್ಲಿ ದೊಡ್ಡಮ್ಮನ ಮನೆಯಲ್ಲೋ ಸೋದರತ್ತೆಯ ಮನೆಯಲ್ಲೋ ಉಳಿಯಲಿ. ಇನ್ನೂ ಒಳ್ಳೆಯದೆಂದರೆ ಟೋಳಿಗೊಬ್ಬ ಅಜ್ಜಿ. ಒಂದು ಟೋಳಿಯಲ್ಲಿ ಏಳೆಂಟು ಕೊಯ್ತಾ ಇದ್ದರೆ ನಾಲ್ಕಾರು ಕೂಸುಗಳಾದರೂ ಇರುತ್ತವೆ. ಕಡಿಯುವ ಶಕ್ತಿ ಇಲ್ಲದ, ಮಕ್ಕಳನ್ನು ಆಡಿಸಬಲ್ಲ ಒಬ್ಬ ಹೆಂಗಸನ್ನು ಎಲ್ಲರೂ ಸೇರಿ ಕರೆದೊಯ್ದು, ಕೊಯ್ತಾಕ್ಕೆ ಇಷ್ಟೆಂದು ಆಕೆಗೆ ಕೊಟ್ಟರೆ, ಅಷ್ಟೂ ಮನೆಗಳ ಹುಡುಗಿಯರು ಬಿಡುಗಡೆಯಾಗುತ್ತಾರೆ. ಈ ಮಾತನ್ನು ಮುಕಾದಮನ ಎದುರಿಗೇ ಆಡಿ. ಕೂಸಿನ ಚಿಂತೆ ಇಲ್ಲದ ಹೆಂಗಸು ಹೆಚ್ಚು ಕಡಿಯುತ್ತಾಳೆ, ಖಾಡಾ ಕಡಿಮೆಯಾಗುತ್ತದೆ ಎಂಬುದು ಆತನಿಗೆ ಬೇಗ ತಿಳಿಯುತ್ತದೆ. ಮುಕಾದಮ ಎಂದರೆ ಶತ್ರು ಎಂದು ನಾನು ಭಾವಿಸುವುದಿಲ್ಲ. ಎಷ್ಟೋ ಜನ ಮುಕಾದಮರು ಹಿಂದೆ ತಾವೇ ಕೊಯ್ತಾ ಹಿಡಿದವರು, ಅವರ ಮನೆಯಲ್ಲೂ ಓದುವ ಹುಡುಗಿಯರಿದ್ದಾರೆ.

ಉಳಿದವಳ ಊಟ

ಅಜ್ಜಿಯ ಮುಂದಿನ ಪ್ರಶ್ನೆ: "ಉಣ್ಣಾಕ ಏನ್ ಹಾಕ್ಲಿ?" ಇದಕ್ಕೆ ಉತ್ತರ ಸಿದ್ಧವಿರಲಿ. ಒಂದರಿಂದ ಎಂಟನೆಯ ತರಗತಿಯವರೆಗೆ ಮಧ್ಯಾಹ್ನದ ಊಟ ಶಾಲೆಯಲ್ಲಿದೆ. ರೇಷನ್ನಿನ ವಿಷಯದಲ್ಲಿ ಜನರಿಗೆ ಗೊತ್ತಿಲ್ಲದ ಒಂದು ಅನುಕೂಲವಿದೆ. ಈಗ 'ಒನ್ ನೇಷನ್ ಒನ್ ರೇಷನ್ ಕಾರ್ಡ್' ಪ್ರಕಾರ ಒಂದೇ ಕಾರ್ಡಿನ ಧಾನ್ಯವನ್ನು ಎರಡು ಕಡೆ ಪಡೆಯಬಹುದು. ಕಬ್ಬಿಗೆ ಹೋದವರು ಅಲ್ಲಿನ ಅಂಗಡಿಯಲ್ಲಿ ತಮ್ಮ ಪಾಲು ಎತ್ತಬಹುದು, ಉಳಿದದ್ದನ್ನು ಅಜ್ಜಿ ಇಲ್ಲಿ ಎತ್ತಬಹುದು. ಆಹಾರ ಭದ್ರತೆಯ ಕಾರ್ಡಿನಲ್ಲಿ ತಿಂಗಳಿಗೆ ತಲೆಗೆ ಐದು ಕಿಲೋ, ಅಂತ್ಯೋದಯವಾದರೆ ಕಾರ್ಡಿಗೆ ಮೂವತ್ತೈದು ಕಿಲೋ. ಆದರೆ ಅಜ್ಜಿಯ ಹೆಸರು ಅದೇ ಕಾರ್ಡಿನಲ್ಲಿರಬೇಕು, ಆಧಾರ್ ಜೋಡಣೆಯಾಗಿರಬೇಕು, ಕೆವೈಸಿ ಮುಗಿದಿರಬೇಕು. ಮುದುಕರ ಬೆರಳಿನ ಗೆರೆ ಸವೆದು ಯಂತ್ರ ಹಿಡಿಯುವುದಿಲ್ಲ. ಇದನ್ನೆಲ್ಲ ಮಳೆಗಾಲದಲ್ಲೇ ನೋಡಿಕೊಳ್ಳಿ. ನವೆಂಬರಿನಲ್ಲಿ ಗೊತ್ತಾದರೆ ಹುಡುಗಿ ಮುಂದಿನ ಟ್ರ್ಯಾಕ್ಟರಿನಲ್ಲಿ ಅವ್ವನನ್ನು ಸೇರುತ್ತಾಳೆ.

ಉಳಿಯುವ ಮಕ್ಕಳು ಹೆಚ್ಚಿದ್ದರೆ ಹಂಗಾಮಿ ವಸತಿಗೃಹ ಕೇಳಿ. ವಲಸೆ ಹೋದವರ ಮಕ್ಕಳಿಗೆ ಊರಲ್ಲೇ ಆರು ತಿಂಗಳು ಬೆಳಗಿನ, ರಾತ್ರಿಯ ಊಟ ಕೊಡುವ ಈ ಯೋಜನೆಯನ್ನು ಶಾಲಾ ವ್ಯವಸ್ಥಾಪನ ಸಮಿತಿಯೇ ನಡೆಸುತ್ತದೆ. ಸಮಿತಿ ಠರಾವು ಮಾಡಿ, ಮಕ್ಕಳ ಹೆಸರು, ಪಾಲಕರು ಹೋಗುವ ಕಾರ್ಖಾನೆಯ ವಿವರ ಹಚ್ಚಿ, ಕೇಂದ್ರ ಪ್ರಮುಖರ (ಸುತ್ತಲ ಶಾಲೆಗಳ ಮೇಲ್ವಿಚಾರಕರ) ಮೂಲಕ ಗಟ (ತಾಲೂಕಿನ) ಶಿಕ್ಷಣಾಧಿಕಾರಿಗೆ ಪ್ರಸ್ತಾವ ಕಳಿಸಬೇಕು. ಗಣೇಶ ಚೌತಿಯ ಒಳಗೆ ಕಳಿಸಿ. ಮಂಜೂರಿ ಬರಲು ತಡವಾಗುತ್ತದೆ, ಜನ ಹೊರಡುವುದು ತಡವಾಗುವುದಿಲ್ಲ. ಪ್ರಸ್ತಾವ ಮರಾಠಿಯಲ್ಲಿರಲಿ. ಕನ್ನಡ ಶಾಲೆಗಳ ಎಷ್ಟೋ ಅರ್ಜಿಗಳು ಭಾಷೆಯ ಅಳುಕಿನಿಂದ ಬರೆಯದೇ ಉಳಿದುಬಿಡುತ್ತವೆ. ಸಮಿತಿಯಲ್ಲಿ ನಾಲ್ಕನೇ ಮೂರು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅಡುಗೆ ಮಾಡುವವರನ್ನು ಆ ಹೆಂಗಸರೇ ಆರಿಸಿದರೆ ಊಟ ನೆಟ್ಟಗಿರುತ್ತದೆ.

ಹಣದ ಆಸೆ ತೋರಿಸಿ ಹುಡುಗಿಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಹಾಜರಿ ಭತ್ಯೆ ಎಂದು 1992ರಲ್ಲಿ ಬಡ ಹುಡುಗಿಯರಿಗೆ ದಿನಕ್ಕೆ ಒಂದು ರೂಪಾಯಿ ಶುರುವಾಯಿತು, ಅದರಿಂದ ಯಾವ ಮನೆಯ ಲೆಕ್ಕವೂ ಬದಲಾಗಲಿಲ್ಲ. ರಾತ್ರಿಯ ಊಟ ಸಿಗುವುದಾದರೆ ಬದಲಾಗುತ್ತದೆ. ತಂದೆ ಇಲ್ಲದ ಮನೆಯಾದರೆ ಮಾತ್ರ ಬಾಲ ಸಂಗೋಪನ ಯೋಜನೆಗೆ ಅರ್ಜಿ ಹಾಕಿಸಿ. ತಿಂಗಳಿಗೆ 2,250 ರೂಪಾಯಿ ಎಂದರೆ ವಿಧವೆ ತಾಯಿ ಹಂಗಾಮಿಗೆ ಹೋಗದೆಯೂ ಉಳಿಯಬಹುದು ಎನ್ನುವಷ್ಟು ಧೈರ್ಯ ಬರುತ್ತದೆ.

"ದೊಡ್ಡಾಕಿ ಆಗ್ಯಾಳ"

ಆರು, ಏಳನೆಯ ತರಗತಿಗೆ ಬಂದರೆ ಮಾತು ಬೇರೆಯಾಗುತ್ತದೆ. ಕೂಸು ಇಲ್ಲದಿದ್ದರೂ ತಾಯಿ ಮಗಳನ್ನು ಬಿಟ್ಟು ಹೋಗಲು ಹೆದರುತ್ತಾಳೆ. ಆ ಹೆದರಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕಬೇಡಿ. ಕಣ್ಣು ಮಂಜಾದ ಅಜ್ಜಿ, ಅಗಳಿ ಇಲ್ಲದ ಬಾಗಿಲು, ರಾತ್ರಿ ಬಯಲಿಗೆ ಹೋಗಬೇಕಾದ ಮನೆ ಎಂದರೆ ನನಗೂ ಹೆದರಿಕೆಯೇ. ಆದ್ದರಿಂದ ಒಬ್ಬೊಬ್ಬಳನ್ನು ಬೇರೆಬೇರೆ ಮನೆಯಲ್ಲಿ ಬಿಡಿಸುವ ಬದಲು ಮೂರು ನಾಲ್ಕು ಹುಡುಗಿಯರನ್ನು ಒಂದೇ ಮನೆಯಲ್ಲಿ, ಇಬ್ಬರು ಅಜ್ಜಿಯರ ಜೊತೆ ಮಲಗುವಂತೆ ಮಾಡಿ. ಶೌಚಾಲಯ ಇರುವ, ಬಾಗಿಲು ಗಟ್ಟಿ ಇರುವ ಮನೆ ಆರಿಸಿ. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು ನೋಡಲಿ. ವಾರದಲ್ಲಿ ಒಂದು ಸಂಜೆ ಶಾಲೆಯಿಂದಲೇ ತಾಯಂದಿರಿಗೆ ವಿಡಿಯೊ ಕರೆ ಮಾಡಿಸಿ. ಮಗಳ ಮುಖ ನೋಡಿದ ತಾಯಿ ಇನ್ನೊಂದು ವಾರ ನೆಮ್ಮದಿಯಿಂದ ಕಡಿಯುತ್ತಾಳೆ.

ಇದೇ ವಯಸ್ಸಿನಲ್ಲಿ ಮದುವೆಯ ಮಾತೂ ಏಳುತ್ತದೆ. ಹುಡುಗನಿಗೆ ಹೆಂಡತಿ ಬಂದರೆ ಒಂದು ಹೊಸ ಕೊಯ್ತಾ, ಒಂದು ಹೊಸ ಮುಂಗಡ. ಹಂಗಾಮಿಗೆ ಮುಂಚೆ ನಡೆಯುವ ಮದುವೆಗಳ ಮೇಲೆ ಕಣ್ಣಿಡಿ. ನಮ್ಮ ಹಳ್ಳಿಗಳಲ್ಲಿ ಬಾಲ್ಯವಿವಾಹ ತಡೆಯುವ ಅಧಿಕಾರ ಗ್ರಾಮಸೇವಕರಿಗಿದೆ, ಅಂಗನವಾಡಿ ಸೇವಿಕೆ ಅವರಿಗೆ ಸಹಾಯಕಿ. ಮಾತುಕತೆ ಇರುವಾಗಲೇ ಅವರಿಗೆ ತಿಳಿಸಿದರೆ ಮಂಟಪದವರೆಗೆ ಹೋಗುವುದು ತಪ್ಪುತ್ತದೆ, ಹುಡುಗಿಯ ಮಾನಕ್ಕೂ ಕುಂದಾಗದು. ಯಾರೂ ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098. ಕರೆ ಮಾಡಿದವರ ಹೆಸರು ಹೊರಗೆ ಬರಬೇಕಿಲ್ಲ. ಈ ಸಂಖ್ಯೆಯನ್ನು ಹುಡುಗಿಯರಿಗೂ ಬಾಯಿಪಾಠ ಮಾಡಿಸಿ.

ಹೋಗಲೇಬೇಕಾದರೆ

ಎಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಆಗ ಯಾವ ಸೀಮೆಗೆ ಎಂಬುದು ಮುಖ್ಯ. ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಕಡೆಯ ಕಾರ್ಖಾನೆಯಾದರೆ ಪಕ್ಕದಲ್ಲೇ ಕನ್ನಡ ಶಾಲೆ ಇರುತ್ತದೆ. ನಮ್ಮ ಹುಡುಗಿ ಮರುದಿನವೇ ಹೋಗಿ ಕೂರಬಹುದು. ಅಲ್ಲಿನ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಫೋನ್ ಮಾಡಿ, ಗುಂಪು ದೊಡ್ಡದಿದ್ದರೆ ಟೆಂಟ್ ಶಾಲೆಗೆ ಕೇಳಿ. ಕರ್ನಾಟಕದಲ್ಲಿ ವಲಸೆ ಮಕ್ಕಳಿಗೆ ಅಂಥ ಶಾಲೆ ನಡೆಸುವ ರೂಢಿ ಇದೆ. ಕರಾಡ, ವಾಳವಾ, ಕೊಲ್ಲಾಪುರದ ಕಡೆಯಾದರೆ ಮರಾಠಿ ಶಾಲೆಯೇ ಗತಿ. ನಮ್ಮ ಮಕ್ಕಳು ಮರಾಠಿಯನ್ನು ಒಂದು ವಿಷಯವಾಗಿ ಓದುತ್ತಾರೆ, ಆದರೆ ವಿಜ್ಞಾನ, ಭೂಗೋಳ ಎಲ್ಲವೂ ಆ ಭಾಷೆಯಲ್ಲಿ ಬಂದಾಗ ಹಿಂದಿನ ಬೆಂಚಿನಲ್ಲಿ ಮೂಕರಾಗಿ ಕೂರುತ್ತಾರೆ. ಮೂರನೆಯ ದಿನಕ್ಕೆ ಹುಡುಗಿ "ನಾ ಒಲ್ಲೆ" ಎನ್ನುತ್ತಾಳೆ. ಕೂಸು ಹೇಗೂ ಕಾದಿರುತ್ತದೆ. ಹೀಗಾಗಿ ನಾನು ಪಾಲಕರಿಗೆ ಹೇಳುವುದಿಷ್ಟೇ: ಎರಡು ಟೋಳಿಗಳ ನಡುವೆ ಆಯ್ಕೆ ಇದ್ದರೆ ಕನ್ನಡ ಸೀಮೆಗೆ ಹೋಗುವ ಟೋಳಿಯನ್ನು ಹಿಡಿಯಿರಿ. ಈ ಮಾತೂ ಉಚಲಕ್ಕೆ ಮುಂಚೆಯೇ ಆಗಬೇಕು.

ಮಹಾರಾಷ್ಟ್ರದೊಳಗೇ ಹೋಗುವವರಿಗೆ ಶಿಕ್ಷಣ ಹಮಿ (ಖಾತರಿ) ಕಾರ್ಡ್ ಕೊಡಿ. 2015ರಲ್ಲಿ ಬಂದ ಈ ಕಾರ್ಡಿನಲ್ಲಿ ಹುಡುಗಿಯ ತರಗತಿ, ಕಲಿಕೆಯ ಮಟ್ಟ ಬರೆದಿದ್ದರೆ ಅಲ್ಲಿನ ಶಾಲೆ ಅವಳನ್ನು ಕೂಡಲೇ ಸೇರಿಸಿಕೊಳ್ಳುತ್ತದೆ. ಕಾಗದವಿಲ್ಲ, ವರ್ಷದ ನಡುವೆ ಬಂದಿದ್ದಾಳೆ ಎಂಬ ಕಾರಣಕ್ಕೆ ಯಾವ ಶಾಲೆಯೂ ಅವಳನ್ನು ಹಿಂದೆ ಕಳಿಸುವಂತಿಲ್ಲ. ಕೂಸಿನ ಹೆಸರನ್ನು ಅಂಗನವಾಡಿಯ ಮೊಬೈಲ್ ದಾಖಲೆಯಾದ ಪೋಷಣ ಟ್ರ್ಯಾಕರ್‌ನಲ್ಲಿ ವಲಸೆ ಎಂದು ನಮೂದಿಸಿದರೆ ಹೋದ ಊರಿನ ಅಂಗನವಾಡಿಯಲ್ಲಿ ಅದಕ್ಕೆ ಆಹಾರ ಸಿಗುತ್ತದೆ, ಅಕ್ಕನ ಕಂಕುಳೂ ಅರ್ಧ ದಿನ ಹಗುರಾಗುತ್ತದೆ. ಚೀಲದಲ್ಲಿ ಎಲ್ಲ ಪುಸ್ತಕ ತುರುಕಬೇಡಿ. ಕನ್ನಡ ಪಠ್ಯ, ಗಣಿತ, ಎರಡು ನೋಟ್‌ಬುಕ್ಕು, ನಿಮ್ಮ ಫೋನ್ ನಂಬರ್. ರಾತ್ರಿ ಕೋಪಿಯಲ್ಲಿ ಒಂದು ಪುಟ ಓದಿ ಅಪ್ಪನ ಫೋನಿನಲ್ಲಿ ಧ್ವನಿ ಕಳಿಸಲಿ. ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆಯಬೇಡಿ. ಹಾಜರಿ ಶೇಕಡಾವಾರು ಚೆನ್ನಾಗಿ ಕಾಣಲೆಂದು ಹೆಸರು ಹೊಡೆದುಹಾಕಿದರೆ ಅವಳು ತಿರುಗಿ ಬರುವ ಬಾಗಿಲನ್ನು ನಾವೇ ಮುಚ್ಚಿದಂತೆ.

ಮರಳಿ ಬಂದಾಗ, ಮತ್ತು ಬೇದಾಣೆ ಶೆಡ್ಡು

ಯುಗಾದಿಯ ಆಸುಪಾಸಿಗೆ ಬಂದ ಹುಡುಗಿಗೆ ಒತ್ತಕ್ಷರ ತಪ್ಪಿರುತ್ತದೆ, ಭಾಗಾಕಾರ ಮರೆತಿರುತ್ತದೆ. ಐದನೆಯ ತರಗತಿಯ ಒಬ್ಬಳು 'ಸಂಸ್ಕೃತಿ' ಎಂಬ ಶಬ್ದದ ಮುಂದೆ ಬಹಳ ಹೊತ್ತು ನಿಂತಳು. ಆದರೆ ಎಷ್ಟು ಮೋಳಿಗೆ ಒಂದು ಟನ್ ಆಗುತ್ತದೆ, ಮುಂಗಡದಲ್ಲಿ ಇನ್ನೆಷ್ಟು ಬಾಕಿ ಎಂದು ಬೆರಳಲ್ಲಿ ಎಣಿಸಿ ಹೇಳಿದಳು. ಅವಳಿಗೆ ಗಣಿತವನ್ನು ಅಲ್ಲಿಂದಲೇ ಶುರು ಮಾಡಿದೆ, ಓದನ್ನು ಎರಡನೆಯ ತರಗತಿಯ ಪುಸ್ತಕದಿಂದ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅವಳನ್ನು ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂಡಿಸಿ ವಿಶೇಷ ತರಬೇತಿ ಕೊಡಬೇಕು, ಕೆಳಗಿನ ತರಗತಿಗೆ ಇಳಿಸುವುದಲ್ಲ. ಎಲ್ಲರೆದುರು "ಇಷ್ಟ್ ದಿನಾ ಎಲ್ಲಿ ಹೋಗಿದ್ದಿ?" ಎಂದು ಕೇಳಬೇಡಿ.

ಬಂದವರಿಗೆ ಇನ್ನೊಂದು ಸೆಳೆತ ಇಲ್ಲೇ ಕಾದಿದೆ. ಬೇಸಿಗೆ ಎಂದರೆ ಬೇದಾಣೆ, ಅಂದರೆ ಒಣದ್ರಾಕ್ಷಿ. ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ತೊಟ್ಟು ಬಿಡಿಸಲು, ಬಣ್ಣ ನೋಡಿ ಆರಿಸಲು ಸಣ್ಣ ಬೆರಳುಗಳು ಬೇಕೆನ್ನುತ್ತಾರೆ. ಹಳದಿ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವ ಜಾಗ ಅದು. ಹುಡುಗಿ ವಾರಕ್ಕೆ ಎರಡು ದಿನ ಬರುವುದಿಲ್ಲ, ಆಮೇಲೆ ಮೂರು ದಿನ. ಇದು ಶಾಲೆ ಬಿಟ್ಟವರ ಪಟ್ಟಿಗೆ ಎಂದೂ ಬರುವುದಿಲ್ಲ, ಆದರೆ ಏಳನೆಯ ತರಗತಿಯ ನಂತರ ಅವಳ ಓದು ನಿಲ್ಲುವುದು ಹೀಗೆಯೇ. ಬೇಸಿಗೆಯಲ್ಲಿ ಹಾಜರಿಯನ್ನು ಮಧ್ಯಾಹ್ನವೂ ಒಮ್ಮೆ ನೋಡಿ.

ಕಾನೂನಿನ ಮಾತನ್ನು ನಾನು ಪಾಲಕರ ಮುಂದೆ ಎತ್ತುವುದಿಲ್ಲ, ಶೆಡ್ಡಿನ ಮಾಲೀಕರ ಮುಂದೆ ಎತ್ತುತ್ತೇನೆ. 1986ರ ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ತಿದ್ದುಪಡಿಯಾದ ಮೇಲೆ ಹದಿನಾಲ್ಕು ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಪ್ಪತ್ತರಿಂದ ಐವತ್ತು ಸಾವಿರ ದಂಡ, ಅಥವಾ ಎರಡೂ. ಮನೆಯವರಿಗೆ ನೆರವಾಗಬಹುದು ಎಂಬ ವಿನಾಯಿತಿ ಇರುವುದು ಶಾಲೆ ಬಿಟ್ಟ ಮೇಲಿನ ಹೊತ್ತಿಗೆ, ರಜೆಗೆ. ಶಾಲೆಯ ಹೊತ್ತಿನಲ್ಲಿ ಅದೂ ಇಲ್ಲ. ಮಾಲೀಕರು ನಮ್ಮ ಊರಿನವರೇ, ಒಮ್ಮೆ ಸಮಾಧಾನದಿಂದ ಹೇಳಿದರೆ ಹೆಚ್ಚಿನವರು ತಿಳಿದುಕೊಳ್ಳುತ್ತಾರೆ.

ಏಳನೆಯ ತರಗತಿ ಮುಗಿಸುವ ಹುಡುಗಿಯರಿಗೆ ಏಪ್ರಿಲಿನಲ್ಲೇ ದಾಖಲೆ ಕೊಟ್ಟು ಹೈಸ್ಕೂಲಿನ ಹೆಸರು ಹಚ್ಚಿಸಿ, ಜೂನಿಗೆ ಬಿಡಬೇಡಿ. ಕನ್ನಡ ಹೈಸ್ಕೂಲು ಎಲ್ಲ ಊರಲ್ಲಿಲ್ಲ, ಬಸ್ಸೇ ದಾರಿ. ಎಸ್‌ಟಿಯಲ್ಲಿ, ಅಂದರೆ ಮಹಾರಾಷ್ಟ್ರದ ಸರಕಾರಿ ಬಸ್ಸಿನಲ್ಲಿ, ಹಳ್ಳಿಯ ಓದುವ ಹುಡುಗಿಯರಿಗೆ ಅಹಿಲ್ಯಾಬಾಯಿ ಹೋಳ್ಕರ್ ಹೆಸರಿನ ಉಚಿತ ಪಾಸಿದೆ, ಶಾಲೆಯ ದಾಖಲೆ ಒಯ್ದರೆ ಡಿಪೊದಲ್ಲಿ ಮಾಡಿಕೊಡುತ್ತಾರೆ. ಪಾಸಿದ್ದೂ ಬಸ್ಸಿನ ಹೊತ್ತು ಹೊಂದದಿದ್ದರೆ ಅರ್ಜಿ ಬರೆಯಿರಿ, ಕೆಳಗೆ ಆ ಹುಡುಗಿಯರ ತಾಯಂದಿರ ಸಹಿ ಹಾಕಿಸಿ. ಸಂಜೆಯ ಬಸ್ಸು ಶಾಲೆ ಬಿಡುವ ಮುಂಚೆಯೇ ಹೊರಟುಹೋಗುವ ಊರುಗಳಲ್ಲಿ ಈ ಅರ್ಜಿ ಮೇ ತಿಂಗಳಲ್ಲೇ ಡಿಪೊ ಮ್ಯಾನೇಜರ ಮೇಜಿನ ಮೇಲಿರಬೇಕು.